ಜಾವಕಪ್ಪನ ಮೂರನೇ ವಹಿ

ಕಚೇರಿಗೆ ಐವತ್ತು ವರ್ಷ ತುಂಬಿದ ನೆನಪಿಗೆಂದು ತೆಗೆಸಿದ ಫೋಟೋದಲ್ಲಿ ನಲವತ್ತೊಂದು ಜನರಿದ್ದರು. ಫೋಟೋದ ಕೆಳಗೆ, ಗಾಜಿನ ಹೊರಗೆ, ಗಟ್ಟಿ ಕಾಗದದ ಮೇಲೆ ಅಂಟಿಸಿದ ಪಟ್ಟಿಯಲ್ಲಿ ನಲವತ್ತು ಹೆಸರುಗಳಿದ್ದವು. ಕೊನೆಯಲ್ಲಿ 'ಮತ್ತಿತರರು' ಎಂದಿತ್ತು. ಹಿಂದಿನ ಸಾಲಿನ ಬಲತುದಿಯಲ್ಲಿ, ಮುಂದಿನವರ ಭುಜದ ಮೇಲಿಂದ ಒಂದೂವರೆ ಕಣ್ಣನ್ನು ಮಾತ್ರ ಲೋಕಕ್ಕೆ ತೋರಿಸುತ್ತ ನಿಂತಿದ್ದ ಆ ಮತ್ತಿತರರೇ ನಮ್ಮ ಜಾವಕಪ್ಪ.

ಜಾವಕಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಕಟ್ಟಡಗಳಿಗೆ ಪರವಾನಗಿ ಕೊಡುವ ಆ ಕಚೇರಿಯ ಟಪಾಲು ವಿಭಾಗದಲ್ಲಿ ಎರಡು ವಹಿಗಳು. ಒಳಗೆ ಬಂದ ಕಾಗದಕ್ಕೆ ಆವಕ ವಹಿ, ಹೊರಗೆ ಹೋಗುವ ಕಾಗದಕ್ಕೆ ಜಾವಕ ವಹಿ. ಇಪ್ಪತ್ತಾರು ವರ್ಷದಿಂದ ಎರಡನ್ನೂ ಬರೆಯುತ್ತ ಬಂದವನು ಇವನೊಬ್ಬನೇ. ಕ್ರಮಸಂಖ್ಯೆ, ತಾರೀಕು, ವೇಳೆ, ಯಾರಿಂದ, ಯಾರಿಗೆ, ಸಹಿ ಎಂದು ಆರು ಅಂಕಣ; ನಡುವೆ ಕೆಂಪು ಗೆರೆ; ಗೆರೆ ಎಳೆಯಲು ಸ್ವಂತ ಖರ್ಚಿನ ಸ್ಕೇಲು. ಲಕೋಟೆಯ ಒಳಗೇನಿದೆ ಎಂದು ಒಮ್ಮೆಯೂ ಇಣುಕಿದವನಲ್ಲ. ನಮೂದಿಲ್ಲದೆ ಒಂದು ಲಕೋಟೆಯನ್ನೂ ದಾಟಿಸಿದವನಲ್ಲ. "ನಮೂದಾಗದ ಕಾಗದ ಹುಟ್ಟೇ ಇಲ್ಲ ಅಂತ ಲೆಕ್ಕ" ಎಂಬುದು ಅವನ ಬಾಳಿನ ಏಕೈಕ ಸಿದ್ಧಾಂತ. ಆ ಸಿದ್ಧಾಂತದ ಪ್ರಕಾರ ತಾನೂ ಇನ್ನೂ ಹುಟ್ಟಿಲ್ಲ ಎಂಬುದು ಫೋಟೋದ ಪಟ್ಟಿ ನೋಡಿದ ದಿನ ಅವನಿಗೆ ಗೊತ್ತಾಯಿತು.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ.

"ಎಷ್ಟು ಜನರ ಹೆಸರು ಬಿಟ್ಟಿದ್ದಾರೆ?" ಎಂದಳು ಆಕೆ.

"ಒಬ್ಬಂದೇ."

"ಒಬ್ಬರಿಗೆ ಯಾಕ್ರೀ ಮತ್ತಿತರರು ಅಂತ ಹಾಕ್ತಾರೆ?"

"ಅದೇ ಕಣೇ ನಾನೂ ಹೇಳೋದು! ಅಷ್ಟೇ ಜಾಗದಲ್ಲಿ ನನ್ನ ಹೆಸರು ಆರಾಮಾಗಿ ಹಿಡೀತಿತ್ತು!"

"ಹೋಗ್ಲಿ ಬಿಡಿ, ಕಣ್ಣಾದ್ರೂ ಬಂದಿದೆಯಲ್ಲ," ಎಂದು ಆಕೆ ಮಗಳ ಸಮವಸ್ತ್ರದ ಗುಂಡಿ ಹೊಲಿಯುವುದಕ್ಕೆ ತಿರುಗಿದಳು. ಹದಿಮೂರರ ಮಗಳು ಮಾತ್ರ ಅಪ್ಪ ಮೊಬೈಲಿನಲ್ಲಿ ತಂದಿದ್ದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, "ಅಪ್ಪಾ, ಈ ಕಿವಿ ನಿಂದೇ ತಾನೆ?" ಎಂದು ಸಮಾಧಾನ ಹೇಳಿದಳು. ಅದು ಕಾವಲುಗಾರನ ಕಿವಿ.

ದೊಡ್ಡ ಗಾಯವೇನಲ್ಲ. ಆದರೆ ಹೊಸ ಚಪ್ಪಲಿ ಕಚ್ಚಿದ ಗಾಯ ಎಷ್ಟು ದೊಡ್ಡದಿರುತ್ತದೆ? ಹೆಜ್ಜೆ ಇಟ್ಟಾಗಲೆಲ್ಲ ನೆನಪಾಗುತ್ತದೆ, ಅಷ್ಟೆ.

ಆ ಕಚೇರಿಯಲ್ಲಿ ಈ ಗಾಯವನ್ನು ಗಮನಿಸಿದ ಜೀವ ಒಂದೇ ಒಂದು. ನಕ್ಷೆ ವಿಭಾಗದ ಹೆಣ್ಣುಮಗಳು. ಎಲ್ಲರೂ ಕರೆಯುತ್ತಿದ್ದದ್ದು ನಕ್ಷೆಯಮ್ಮ ಎಂದು. ಎಂಟು ವರ್ಷದಿಂದ ಸುರುಳಿ ಸುತ್ತಿದ ನಕ್ಷೆಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಜಾವಕಪ್ಪನ ಮೇಜಿನ ಮೇಲಿಟ್ಟು, ಅವನು ನಮೂದಿಸುವವರೆಗೂ ನಿಂತಿದ್ದು ಹೋಗುತ್ತಿದ್ದವಳು. ಬೇರೆಯವರು ಕಾಗದ ಎಸೆದು ಹೋಗುತ್ತಿದ್ದರು.

"ಅಣ್ಣಾ, ಫೋಟೋದಲ್ಲಿ ನಿಮ್ಮ ಹೆಸರೆಲ್ಲಿ?" ಎಂದು ಅವಳು ಕೇಳಿದಳು.

"ಜಾಗ ಇರಲಿಲ್ವಂತಮ್ಮ."

"ಯಾರಿಗೂ ಹೆಸರೇ ಇಲ್ಲದ ಜಾಗ ಒಂದಿದೆ ಅಣ್ಣ. ಅಲ್ಲಿ ಯಾರೂ ಬಿಟ್ಟುಹೋಗಲ್ಲ. ಬರ್ತೀರಾ?"

ಸ್ಮಶಾನ ಇರಬೇಕೆಂದು ಜಾವಕಪ್ಪ ಬೆಚ್ಚಿದ. ಅದು ಸ್ಮಶಾನವಲ್ಲ, ಒಂದು ಕಂಪ್ಯೂಟರ್ ಜಾಲ ಎಂದು ಅವಳು ವಿವರಿಸಿದಳು. "ಯಾವ ಕಂಪನಿದೂ ಅಲ್ಲ, ಸರ್ಕಾರದ್ದೂ ಅಲ್ಲ. ನನ್ನಂಥೋರು, ನಿಮ್ಮಂಥೋರು ಮನೆ ಕಂಪ್ಯೂಟರನ್ನ ದಿನಾ ಒಂದಿಷ್ಟು ಹೊತ್ತು ಅದಕ್ಕೆ ಬಿಟ್ಟುಕೊಡ್ತಾರೆ. ಯಾರೋ ಬರೆದದ್ದು ಲಕೋಟೆಯೊಳಗೆ ಲಕೋಟೆ, ಅದರೊಳಗೆ ಲಕೋಟೆ ಆಗಿ ನಮ್ಮ ಹತ್ರ ಬರತ್ತೆ. ನಾವು ತೆರೆಯಲ್ಲ, ತೆರೆಯೋಕೆ ಆಗೋದೂ ಇಲ್ಲ. ಮುಂದಿನೋರಿಗೆ ದಾಟಿಸ್ತೀವಿ. ಅವ್ರು ಇನ್ನೊಬ್ಬರಿಗೆ. ಮೊದಲು ಕಳಿಸಿದ್ದು ಯಾರು, ಕೊನೆಗೆ ಸೇರಿದ್ದು ಯಾರಿಗೆ, ನಡುವಿನೋರಿಗೆ ಗೊತ್ತೇ ಆಗಲ್ಲ."

"ಅಂಥದ್ದು ಯಾಕೆ ಬೇಕಮ್ಮ?"

"ಹೆಸರು ಹೇಳಿ ನಿಜ ಹೇಳಿದ್ರೆ ಏಟು ಬೀಳೋ ಕಡೆ, ಹೆಸರಿಲ್ಲದೆ ಹೇಳೋಕೆ."

ಈ ಕೊನೆಯ ಮಾತು ಜಾವಕಪ್ಪನ ಕಿವಿಗೆ ಬೀಳಲಿಲ್ಲ. ಅವನ ಮನಸ್ಸು 'ತೆರೆಯಲ್ಲ, ದಾಟಿಸ್ತೀವಿ' ಎಂಬಲ್ಲಿಯೇ ಮೊಳೆ ಹೊಡೆದಂತೆ ನಿಂತಿತ್ತು. "ಇದು ಟಪಾಲು ಕೆಲಸ ಅಲ್ವೇನಮ್ಮಾ! ಇಪ್ಪತ್ತಾರು ವರ್ಷದಿಂದ ನಾನು ಮಾಡ್ತಿರೋದೇ ಅದು!"

ಮರುದಿನ ಸಂಜೆ ಅವಳೇ ಮನೆಗೆ ಬಂದು, ಮಗಳ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಿಕೊಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಎರಡೇ ನಿಯಮ ಅಣ್ಣ. ಯಾರ ಹೆಸರೂ ಹೇಳೋ ಹಾಗಿಲ್ಲ. ಬಂದದ್ದು ಹೋದದ್ದು ಈ ಯಂತ್ರದಲ್ಲಿ ಬರೆದಿಡೋ ಹಾಗಿಲ್ಲ."

"ಛೇ ಛೇ, ಯಂತ್ರದಲ್ಲಿ ಬರೆದಿಡೋದುಂಟೇ? ಕರೆಂಟ್ ಹೋದ್ರೆ ಎಲ್ಲಾ ಹೋಯ್ತು," ಎಂದ ಜಾವಕಪ್ಪ. ತಮಾಷೆ ಮಾಡುತ್ತಿದ್ದಾನೆಂದು ಅವಳು ನಕ್ಕಳು. ಜಾವಕಪ್ಪ ತನ್ನ ಬಾಳಿನಲ್ಲಿ ಎಂದೂ ವಹಿಗಳ ವಿಷಯದಲ್ಲಿ ತಮಾಷೆ ಮಾಡಿದವನಲ್ಲ ಎಂಬುದನ್ನು ಅವಳು ಆ ಕ್ಷಣ ಮರೆತಿದ್ದಳು.

ಅವಳು ಮೆಟ್ಟಿಲಿಳಿದ ಕೂಡಲೇ ಅವನು ಬೀದಿಯ ಕೊನೆಯ ಅಂಗಡಿಗೆ ಹೋಗಿ ಇನ್ನೂರು ಹಾಳೆಯ ಗಟ್ಟಿ ರಟ್ಟಿನ ವಹಿಯೊಂದನ್ನು ತಂದ. ಆರು ಅಂಕಣ ಎಳೆದ. ಪರದೆಯ ಮೂಲೆಯೊಂದರಲ್ಲಿ, ಆ ಹೊತ್ತಿಗೆ ಇವನ ಕಂಪ್ಯೂಟರಿಗೆ ಯಾವ ಯಾವ ಕಂಪ್ಯೂಟರುಗಳು ಕೈಜೋಡಿಸಿವೆ ಎಂದು ಉದ್ದುದ್ದದ ನಂಬರುಗಳು, ಪಕ್ಕದಲ್ಲಿ ದೇಶದ ಹೆಸರಿನೊಂದಿಗೆ, ಮೂಡಿ ಮಾಯವಾಗುತ್ತಿದ್ದವು. ಪ್ರತಿ ಸಂಜೆ ಏಳರಿಂದ ಒಂಬತ್ತರವರೆಗೆ ಜಾವಕಪ್ಪ ಕನ್ನಡಕ ಏರಿಸಿ ಕೂತು, ತಾರೀಕು, ವೇಳೆ, ಯಾವ ನಂಬರಿನಿಂದ, ಯಾವ ನಂಬರಿಗೆ ಎಂದು ದುಂಡು ಅಕ್ಷರದಲ್ಲಿ ಇಳಿಸಿದ. ಪುಟ ತುಂಬಿದಾಗ ಕೆಳಗೆ 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದ. ಪ್ರಪಂಚದ ಮೂಲೆಮೂಲೆಯ ಸಾವಿರಾರು ಜನ ಹೆಸರು ಗುರುತು ಏನೂ ಉಳಿಯದಿರಲೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಜಾಲಕ್ಕೆ, ಕಡೆಗೂ ಒಬ್ಬ ಶಿಸ್ತಿನ ಗುಮಾಸ್ತ ಸಿಕ್ಕಿದ್ದ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ಹೆಸರಿಲ್ಲದ ಜಾಗ ಸೇರಿದವನಿಗೆ, ತಾನು ಸೇರಿದ್ದೇನೆಂದು ನಾಲ್ಕು ಜನಕ್ಕೆ ಗೊತ್ತಾಗದಿದ್ದರೆ ಸೇರಿದ ಸುಖವಾದರೂ ಏನು?

ಹೆಂಡತಿಯ ತಮ್ಮ ದೊಡ್ಡ ಸಾಹೇಬರ ಕಾರು ಓಡಿಸುತ್ತಿದ್ದ. ಸಾಹೇಬರು ತನ್ನನ್ನು ಕೇಳದೆ ಎಡಕ್ಕೂ ತಿರುಗುವುದಿಲ್ಲ ಎಂದು ಹೇಳಿಕೊಳ್ಳುವುದು ಅವನ ಪದ್ಧತಿ. ಸ್ಟೀರಿಂಗು ಅವನ ಕೈಯಲ್ಲಿದ್ದುದರಿಂದ ಅದು ಸುಳ್ಳೂ ಅಲ್ಲ. ಅವನ ಮಗುವಿನ ಹುಟ್ಟುಹಬ್ಬಕ್ಕೆ ನೆಂಟರೆಲ್ಲ ಸೇರಿದ್ದಾಗ, ಅವನ ಬಡಾಯಿ ಕೇಳಿ ಕೇಳಿ ತಡೆಯಲಾರದೆ ಜಾವಕಪ್ಪ ಗಂಟಲು ಸರಿಮಾಡಿಕೊಂಡ.

"ನಾನೂ ಒಂದು ಜಾಲ ಸೇರಿದೀನಿ ಮಾರಾಯ."

"ಯಾವ್ದು ಭಾವ? ಸೋಪಾ, ಟಾನಿಕ್ಕಾ?"

"ಮಾರೋದೇನೂ ಇಲ್ಲ."

"ಎಲ್ರೂ ಮೊದಲು ಹಾಗೇ ಅಂತಾರೆ. ನಿಮ್ಮ ಮೇಲೆ ಯಾರಿದಾರೆ?"

"ಮೇಲೆ ಯಾರೂ ಇಲ್ಲ."

"ಕೆಳಗೆ?"

"ಕೆಳಗೂ ಯಾರೂ ಇಲ್ಲ."

"ಹಾಗಾದ್ರೆ ಮುಳುಗಿದ್ರಿ ಬಿಡಿ," ಎಂದು ಅವನು ಅಕ್ಕನ ಕಡೆ ತಿರುಗಿ, "ಅಕ್ಕಾ, ಒಡವೆ ನಿನ್ ಹತ್ರಾನೇ ಇಟ್ಕೋ," ಎಂದ.

ಸುದ್ದಿಗೆ ಕಾಲಿಲ್ಲದಿದ್ದರೂ ಮೆಟ್ಟಿಲು ಹತ್ತಲು ಬರುತ್ತದೆ. ಎರಡು ದಿನದಲ್ಲಿ ಜಾವಕಪ್ಪನ ನಾಲ್ಕು ಮಹಡಿಯ ಕಟ್ಟಡದ ಬಾಗಿಲುಗಳೆಲ್ಲ, ಅವನ ಹೆಜ್ಜೆ ಸಪ್ಪಳ ಕೇಳಿದೊಡನೆ ಪಟಪಟ ಮುಚ್ಚತೊಡಗಿದವು. ಕಟ್ಟಡದ ಸಂಘದ ಕಾರ್ಯದರ್ಶಿಯಾಗಿದ್ದ ಮುದುಕ, ಅಂದಿನ ಪತ್ರಿಕೆ ಕೇಳಲು ಹೋದ ಜಾವಕಪ್ಪನಿಗೆ ಬಾಗಿಲ ಸಂದಿಯಿಂದಲೇ ಕೂಗಿದ: "ನಮ್ಮನೇಲಿ ಸೋಪಿದೆ!"

"ನಾನು ಸೋಪು ಮಾರಲ್ಲ ಸ್ವಾಮಿ!"

"ಟಾನಿಕ್ಕೂ ಇದೆ!"

ನೀರು ಹಿಡಿಯಲು ಹೋದ ಹೆಂಡತಿ ಕೊಡದ ಜೊತೆ ಕಣ್ಣೂ ತುಂಬಿಕೊಂಡು ಬಂದಳು. "ರೀ, ಮಾನ ಮರ್ಯಾದೆ ಇದ್ರೆ ಅದೇನು ಅಂತ ಎಲ್ಲರಿಗೂ ಬಾಯಿಬಿಟ್ಟು ಹೇಳಿ."

ಜಾವಕಪ್ಪ ಮೆಟ್ಟಿಲಲ್ಲಿ ನಿಂತು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಎಲ್ಲರಿಗೂ ಕೇಳುವ ದನಿಯಲ್ಲಿ ಹೇಳಿದ: "ಅದು ವ್ಯಾಪಾರ ಅಲ್ಲ. ಏನು ಅಂತ ಹೇಳೋ ಹಾಗಿಲ್ಲ. ಹೆಸರು ಹೇಳಬಾರದು ಅಂತ ಕಟ್ಟಪ್ಪಣೆ ಇದೆ. ಹದಿನಾಲ್ಕು ದೇಶದಿಂದ ಬಂದದ್ದು ನನ್ನ ಕೈಯಿಂದ ದಾಟಿ ಹೋಗತ್ತೆ. ಎಲ್ಲಾ ಬರೆದಿಟ್ಟಿದೀನಿ. ಅಷ್ಟು ಸಾಕು."

ಹೌದು, ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ಅವನು ಸರ್ಕಾರದ ಗುಪ್ತ ವಿಭಾಗದವನು, ಟಪಾಲು ಕೆಲಸ ಬರೀ ಮುಸುಕು ಎಂದು ತೀರ್ಮಾನವಾಗಿಹೋಗಿತ್ತು. ಬಾಗಿಲುಗಳು ಮತ್ತೆ ತೆರೆದವು. ಈ ಸಲ ಪೂರ್ತಿ ತೆರೆದವು. ಪತ್ರಿಕೆ ಮೊದಲು ಅವನ ಮನೆಗೆ ಬಂದು, ಆಮೇಲೆ ಅದನ್ನು ಕೊಂಡವನ ಮನೆಗೆ ಹೋಗತೊಡಗಿತು. ಕಾರ್ಯದರ್ಶಿ ಒಂದು ಬೆಳಿಗ್ಗೆ ಅವನನ್ನು ನೀರಿನ ತೊಟ್ಟಿಯ ಹಿಂದೆ ಕರೆದುಕೊಂಡು ಹೋಗಿ, ನಡುಗುವ ದನಿಯಲ್ಲಿ, "ಬೇರೆಯವ್ರು ಹೇಳೋ ಮೊದಲು ನಾನೇ ಹೇಳ್ತೀನಿ. ಮೇಲಿನ ಪೈಪು ನನ್ನ ಮನೆ ಕಡೆ ತಿರುಗಿಸಿದ್ದು ನಾನೇ. ಒಂದೇ ಬೇಸಿಗೆ. ಬರ್ಕೊಂಡ್ರಾ?" ಎಂದ. ಎರಡನೇ ಮಹಡಿಯ ದರ್ಜಿ ತಾನು ಗಿರಾಕಿಗಳ ಬಟ್ಟೆಯಲ್ಲಿ ಮಿಗಿಸಿಕೊಂಡದ್ದನ್ನು ಅಂಗುಲ ಸಮೇತ ಒಪ್ಪಿಕೊಂಡ. ಎದುರು ಮನೆಯಾಕೆ ತನ್ನ ಗಂಡನ ತಪ್ಪುಗಳನ್ನು ಹೇಳಿಹೋದಳು. ಅರ್ಧ ಗಂಟೆಯ ಮೇಲೆ ಗಂಡ ಬಂದು ಅವಳದ್ದನ್ನು ಹೇಳಿಹೋದ.

ಇಲ್ಲ ಎಂದು ಹೇಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಇಪ್ಪತ್ತಾರು ವರ್ಷ ಯಾರೂ ಕುರ್ಚಿ ಸರಿಸಿ ಕೂರಿಸದ ಮನುಷ್ಯನಿಗೆ ಒಂದೇ ವಾರದಲ್ಲಿ ಐದು ಮನೆಯವರು ಕುರ್ಚಿ ಸರಿಸಿದ್ದರು. ನೀವಾಗಿದ್ದರೂ ಕೂರುತ್ತಿದ್ದಿರಿ.

ಇಂಥ ದಿನಗಳಲ್ಲೇ ಮಗಳ ಶಾಲೆಯ ವಿಷಯ ಸ್ಫೋಟವಾದದ್ದು. ಆ ಶಾಲೆಯ ಮೇಲೆ ಹೋದ ವರ್ಷ ಹೊಸ ಮಹಡಿ ಎದ್ದಿತ್ತು. ಜಾವಕಪ್ಪನ ಕಚೇರಿಯೇ ಅದನ್ನು ಗಟ್ಟಿ ಎಂದು ಒಪ್ಪಿ ಸಹಿ ಹಾಕಿತ್ತು. ಈಗ ಒಂದು ಬೆಳಿಗ್ಗೆ ಊರಿನ ಎಲ್ಲ ಪತ್ರಿಕೆಗಳಿಗೂ ಅದೇ ಮಹಡಿಯ ಎರಡು ನಕ್ಷೆಗಳು ಏಕಕಾಲಕ್ಕೆ ತಲುಪಿದ್ದವು. ಒಂದು, ಕಚೇರಿ ಒಪ್ಪಿದ್ದು. ಇನ್ನೊಂದು, ನಿಜಕ್ಕೂ ಕಟ್ಟಿದ್ದು. ಎರಡನೆಯದರಲ್ಲಿ ತೊಲೆಗಳ ದಪ್ಪ ಮೊದಲನೆಯದರ ಅರ್ಧ. ಕಳಿಸಿದವರ ಹೆಸರಿಲ್ಲ, ಊರಿಲ್ಲ. ಹೆಸರಿಲ್ಲದ ಯಾವುದೋ ಕಂಪ್ಯೂಟರ್ ಜಾಲದ ಮೂಲಕ ಬಂದಿತ್ತಂತೆ.

"ಅಪ್ಪಾ, ನಮ್ಮ ಕ್ಲಾಸು ಕೆಳಗೆ ಬಂತು," ಎಂದು ಮಗಳು ಅಂದು ಸಂಜೆ ಚೀಲ ಎಸೆಯುತ್ತ ಹೇಳಿದಳು. "ಮೇಲೆ ಹೋಗೋಕೇ ಬಿಡ್ತಿಲ್ಲ. ಗೋಡೆಗೆ ಅಳತೆ ಪಟ್ಟಿ ಹಚ್ಚಿದಾರೆ. ಬಿರುಕು ದಿನಾ ಅಗಲ ಆಗ್ತಿದೆಯಂತೆ."

ಹೆಂಡತಿ ಕೈಲಿದ್ದ ಪಾತ್ರೆಯನ್ನು ಹಾಗೇ ಕೆಳಗಿಟ್ಟು ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. "ಯಾವ ಪುಣ್ಯಾತ್ಮರು ಕಳಿಸಿದ್ರೋ. ಅವರ ಹೊಟ್ಟೆ ತಣ್ಣಗಿರ್ಲಿ," ಎಂದಳು.

ಕಚೇರಿಯಲ್ಲಿ ಮಾತ್ರ ದೊಡ್ಡ ಸಾಹೇಬರ ಹೊಟ್ಟೆ ತಣ್ಣಗಿರಲಿಲ್ಲ. ಮಹಡಿ ಬೀಳುತ್ತದೋ ಇಲ್ಲವೋ ಎಂಬುದು ಅವರಿಗೆ ಎರಡನೆಯ ಪ್ರಶ್ನೆ. ಕಳಿಸಿದವರು ಯಾರು ಎಂಬುದು ಮೊದಲನೆಯದು. ಮೂರು ದಿನ ಎಲ್ಲರ ಮೇಜಿನ ಡ್ರಾಯರುಗಳನ್ನು ಕೆದಕಿಸಿದರು. ಗುಡ್ಡ ಅಗೆದರೂ ಇಲಿ ಸಿಗಲಿಲ್ಲ. ನಾಲ್ಕನೆಯ ದಿನ ಕಾರಿನಲ್ಲಿ ತಲೆ ಹಿಡಿದು ಕೂತಿದ್ದಾಗ, ಮುಂದಿನ ಸೀಟಿನಿಂದ ಭಾವಮೈದುನ ಅಂದ: "ಸರ್, ತಪ್ಪು ತಿಳೀಬೇಡಿ. ಹೆಸರಿಲ್ಲದ ಜಾಲ ಅಂದ್ರಲ್ಲ, ನಮ್ಮ ಭಾವ ಅಂಥದ್ದರಲ್ಲೇ ಇದ್ದಾರೆ. ಮೇಲಿನೋರ ಕಡೆ ಜನ ಅಂತಾರೆ. ಹದಿನಾಲ್ಕು ದೇಶ ಅವರ ಕೈಲಿದೆ."

ಸಾಹೇಬರು ಹೌಹಾರಿದರು. ಅಂಥ ದೊಡ್ಡ ಮನುಷ್ಯ ತಮ್ಮದೇ ಕಚೇರಿಯಲ್ಲಿದ್ದು, ಇಷ್ಟು ದಿನ ತಮ್ಮನ್ನು ಗಮನಿಸುತ್ತಿದ್ದನೇ? ಕೂಡಲೇ ಕರೆ ಹೋಯಿತು.

ಜಾವಕಪ್ಪ ಮೂರ್ಖನಿರಬಹುದು, ದ್ರೋಹಿಯಲ್ಲ. ಮೆಟ್ಟಿಲು ಹತ್ತುವಾಗ ಹೆಜ್ಜೆಗೊಂದರಂತೆ ಪಾಠ ಒಪ್ಪಿಸಿಕೊಂಡ: ಗೊತ್ತಿಲ್ಲ, ನೋಡಿಲ್ಲ, ಕೇಳಿಲ್ಲ. ನಕ್ಷೆಯಮ್ಮನ ಹೆಸರು ತುಟಿಗೆ ಬರಬಾರದೆಂದು ಹಲ್ಲು ಕಚ್ಚಿಕೊಂಡೇ ಒಳಗೆ ಹೋದ.

ಒಳಗೆ ಸಾಹೇಬರಿದ್ದರು, ಹೊರಗಿನಿಂದ ಕರೆಸಿದ ಕಂಪ್ಯೂಟರ್ ತಜ್ಞನೊಬ್ಬನಿದ್ದ. ಗೌರವದಿಂದ ಎದ್ದು ನಿಂತಿದ್ದ ಸಾಹೇಬರು, ಬಾಗಿಲಲ್ಲಿ ಕಂಡ ಗೋಂದಿನ ಕಲೆಯ ಅಂಗಿಯನ್ನು ನೋಡಿ ಅರ್ಧಕ್ಕೇ ಕೂತರು.

"ನೀವಾ?"

"ಹೌದು ಸರ್."

"ಟಪಾಲು?"

"ಹೌದು ಸರ್."

"ಜಾಲ ಗೀಲ ಅಂತಿದ್ರು?"

"ಗೊತ್ತಿಲ್ಲ, ನೋಡಿಲ್ಲ, ಕೇಳಿಲ್ಲ ಸರ್," ಎಂದು ಜಾವಕಪ್ಪ ಮೂರನ್ನೂ ಒಟ್ಟಿಗೆ ಒಪ್ಪಿಸಿದ.

ತಜ್ಞ ಆಕಳಿಸಿದ. "ಬಿಡಿ ಸರ್. ಇವರ ಮನೇಲಿ ಅದಿದ್ರೂ ಪ್ರಯೋಜನ ಇಲ್ಲ. ಈ ಜಾಲದಲ್ಲಿ ಹುಡುಕೋದು ಅಂದ್ರೆ ನೀರಿನ ಮೇಲೆ ಹೆಜ್ಜೆ ಹುಡುಕಿದ ಹಾಗೆ. ಬರೋದು ಬರತ್ತೆ, ಹೋಗೋದು ಹೋಗತ್ತೆ. ಯಾರೂ ಏನೂ ಬರೆದಿಡಲ್ಲ."

"ಅಂದ್ರೆ ಒಂದು ನಮೂದೂ ಇರಲ್ವಾ?"

"ಒಂದೂ ಇರಲ್ಲ. ಹೇಳೋರಿಲ್ಲ, ಕೇಳೋರಿಲ್ಲ. ಬೇಜವಾಬ್ದಾರಿ ಮಂದಿ."

ಸಾಹೇಬರು ನಿಟ್ಟುಸಿರು ಬಿಟ್ಟು, ನೊಣ ಓಡಿಸುವಂತೆ ಕೈಯಾಡಿಸಿದರು. "ಹೋಗ್ರಿ. ಲಕೋಟೆ ಅಂಟಿಸೋರನ್ನೆಲ್ಲ ಕರೆಸಿ ಕೂರಿಸ್ಕೊಂಡಿದೀನಲ್ಲ, ನನಗೆ ಬುದ್ಧಿಯಿಲ್ಲ."

ಜಾವಕಪ್ಪ ತಿರುಗಿದ. ಬಾಗಿಲಿಗೆ ಏಳು ಹೆಜ್ಜೆ. ಆರು ಹೆಜ್ಜೆ ಇಟ್ಟ. ಕೈ ಬಾಗಿಲ ಹಿಡಿಯ ಮೇಲಿತ್ತು. ಹೊರಗೆ ಕಾರಿಡಾರು, ಕಾರಿಡಾರಿನ ಆಚೆ ಅವನ ಮೇಜು, ಮೇಜಿನ ಮೇಲೆ ಆರುತ್ತಿದ್ದ ಚಹಾ. ಇನ್ನೊಂದೇ ಒಂದು ಹೆಜ್ಜೆ ಇಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ 'ಒಂದು ನಮೂದೂ ಇರಲ್ಲ' ಎಂಬ ಮಾತು ಬೆನ್ನಿನ ನಡುವೆ ಚುಚ್ಚಿ ನಿಂತಿತ್ತು. ಇಪ್ಪತ್ತಾರು ವರ್ಷ! ಬೇಜವಾಬ್ದಾರಿ!

ತಿರುಗಿ ನಿಂತ.

"ನಮೂದಿಲ್ಲ ಅಂತ ಯಾರು ಹೇಳಿದ್ದು ಸರ್? ಮೊದಲ ದಿನದಿಂದ ಒಂದೂ ಬಿಡದೆ ಬರೆದಿಟ್ಟಿದೀನಿ. ವೇಳೆ ಸಮೇತ!"

ತಜ್ಞನ ಆಕಳಿಕೆ ಅರ್ಧಕ್ಕೆ ನಿಂತು ಬಾಯಿ ಹಾಗೇ ತೆರೆದುಕೊಂಡಿತು. ಸಾಹೇಬರು ಎದ್ದುಬಂದು ತಾವೇ ಕುರ್ಚಿ ಸರಿಸಿದರು. ಕಾಫಿ ಬಂತು. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, "ನಿಮ್ಮ ಹೆಸರೇನು?" ಎಂದು ಕೇಳಿದರು. ಅವನು ಹೇಳಿದ. "ಒಳ್ಳೇ ಹೆಸರು," ಎಂದರು. ನಿಮಗೇನಾದರೂ ಬೇಕೇ ಎಂದದ್ದಕ್ಕೆ ಫೋಟೋದ ಪಟ್ಟಿಯ ವಿಷಯ ಹೇಳಿದ. "ಅಷ್ಟೇನಾ?" ಎಂದು ಸಾಹೇಬರು ನಕ್ಕರು. ಅಷ್ಟರಲ್ಲಿ ಭಾವಮೈದುನ ಕಾರಿನಲ್ಲಿ ಹೋಗಿ, ಅಕ್ಕನ ಕೈಯಿಂದ ಮೂರನೇ ವಹಿಯನ್ನು ಇಸಿದುಕೊಂಡು ಬಂದಾಗಿತ್ತು.

ಮನೆಯಿಂದಲೂ ಕೆಲಸ ಮಾಡಲಿ ಎಂದು ಕೆಲವು ನೌಕರರ ಮನೆಯ ಇಂಟರ್ನೆಟ್ ಸಂಪರ್ಕದ ನಂಬರುಗಳನ್ನು ಕಚೇರಿ ಬರೆದಿಟ್ಟುಕೊಂಡಿತ್ತು. ಸಾಹೇಬರ ಎಡ ತೋರುಬೆರಳು ಆ ಪಟ್ಟಿಯ ಮೇಲೆ, ಬಲ ತೋರುಬೆರಳು ಜಾವಕಪ್ಪನ ಕೆಂಪು ಗೆರೆಗಳ ಮೇಲೆ ಇಳಿಯುತ್ತ ಹೋಯಿತು. ಹದಿನೇಳನೇ ಪುಟದಲ್ಲಿ ಎರಡೂ ಬೆರಳು ನಿಂತವು.

"ನಕ್ಷೆ ವಿಭಾಗ," ಎಂದರು ಸಾಹೇಬರು.

ಜಾವಕಪ್ಪನ ಬಾಯಲ್ಲಿದ್ದ ಕಾಫಿ ಗಂಟಲಿಗೂ ಇಳಿಯದೆ, ಹೊರಗೂ ಬರದೆ ನಿಂತಿತು. "ಸರ್, ಅಲ್ಲ ಸರ್! ಅವ್ರು ಕಳಿಸಿದ್ದು ಅಂತಲ್ಲ ಅದು. ದಾಟಿಸಿದ್ದು. ನಾನೂ ದಾಟಿಸ್ತೀನಿ. ಅಲ್ಲಿ ಎಲ್ರೂ ದಾಟಿಸ್ತಾರೆ!"

"ಅದು ನಿಜ ಸರ್," ಎಂದ ತಜ್ಞ. ಅವನಿಗೂ ಒಂದು ಕಸುಬಿನ ಮರ್ಯಾದೆ ಇತ್ತು. "ಅವರ ಮನೇಲೂ ಆ ಜಾಲ ಇದೆ ಅನ್ನೋದು ಬಿಟ್ರೆ ಇದರಿಂದ ಏನೂ ಸಾಬೀತಾಗಲ್ಲ. ಈ ವಹಿಯಲ್ಲಿ ಇಂಥ ಇನ್ನೂರು ನಂಬರಿದೆ."

"ಇನ್ನೂರರಲ್ಲಿ ನಮ್ಮ ಆಫೀಸಿನೋಳು ಒಬ್ಬಳೇ ತಾನೆ?"

"ಹೌದು, ಆದ್ರೆ..."

"ಪುಟದ ಕೆಳಗೆ 'ಪರಿಶೀಲಿಸಲಾಗಿದೆ' ಅಂತ ಸಹಿ ಇದೆ. ಇನ್ನೇನು ಬೇಕು?" ಸಾಹೇಬರು ವಹಿ ಮುಚ್ಚಿದರು. ಜಾವಕಪ್ಪನ ಸಹಿಗೆ ಬೆಲೆ ಬಂದದ್ದು ಅದೇ ಮೊದಲು.

ವಹಿಯನ್ನು ಹಿಂದಕ್ಕೆ ಕೊಡಿ ಎಂದು ಬೇಡಿಕೊಂಡ. ಕೊಡಲಿಲ್ಲ; ರಸೀದಿ ಕೊಟ್ಟರು. ಅದರಲ್ಲಿ ಹೀಗಿತ್ತು: 'ಕೈಬರಹದ ಪುಸ್ತಕ ಒಂದು. ಬಳಸಿದ್ದು. ಬೆಲೆಯಿಲ್ಲ.'

ವಾರದೊಳಗೆ ವಿಚಾರಣೆಯ ವರದಿ ಬಂತು. ಜಾವಕಪ್ಪ ಅದರಲ್ಲಿ ತನ್ನ ಹೆಸರಿದೆಯೇ ಎಂದು ಹುಡುಕಿದ. ಈ ಸಲ ಇರದಿರಲಿ ಎಂದು ಹುಡುಕಿದ. ಇರಲಿಲ್ಲ. 'ತನ್ನ ಹೆಸರು ಬಹಿರಂಗವಾಗಬಾರದೆಂದು ಕೋರಿಕೊಂಡ ಒಬ್ಬ ನಿಷ್ಠಾವಂತ ನೌಕರನ ನೆರವಿನಿಂದ' ದೊಡ್ಡ ಸಾಹೇಬರು ಸ್ವತಃ ಪತ್ತೆ ಹಚ್ಚಿದರು ಎಂದಿತ್ತು. ಜಾವಕಪ್ಪ ಬಾಳಿನಲ್ಲಿ ಎಂದೂ ಮಾಡದಿದ್ದ ಏಕೈಕ ಕೋರಿಕೆ ಅದು. ಭಾವಮೈದುನನ ಬಾಯಿಗೆ ಸಾಹೇಬರು ಅವನ ಕೆಲಸವನ್ನೇ ಬೀಗವಾಗಿ ಹಾಕಿದ್ದರು.

ಕಚೇರಿ ಕುದಿಯಿತು. ಲೆಕ್ಕಪತ್ರದವನು ಜಾವಕಪ್ಪನ ಮೇಜನ್ನೇ ಗುದ್ದಿ ಕೂಗಾಡಿದ: "ಯಾವನೋ ಅವನು ಮನೆಹಾಳ! ನೀನೇ ಹೇಳು ಜಾವಕಪ್ಪ, ಅಂಥೋನ ಗಂಟಲಲ್ಲಿ ತುತ್ತು ಇಳಿಯತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ಜಾವಕಪ್ಪ ತನ್ನ ಗಂಟಲು ಮುಟ್ಟಿ ನೋಡಿಕೊಂಡ. "ಇಳಿಯಲ್ಲ," ಎಂದ. ಅದು ನಿಜವಾಗಿತ್ತು. ನಾಲ್ಕು ದಿನದಿಂದ ಇಳಿದಿರಲಿಲ್ಲ.

ಮನೆಯಲ್ಲಿ ಮಗಳು ನೆಲದ ಮೇಲೆ ಬಣ್ಣದ ಪೆನ್ಸಿಲು ಹರಡಿಕೊಂಡು ಕೂತಿದ್ದಳು. "ಅಪ್ಪಾ, ಆ ನಕ್ಷೆ ಕಳಿಸಿದೋರು ನಿಮ್ಮ ಆಫೀಸಿನೋರೇ ಅಂತೆ? ನಮ್ಮ ಕ್ಲಾಸಿನೋರೆಲ್ಲ ಸೇರಿ ಕಾರ್ಡ್ ಮಾಡ್ತಿದೀವಿ. ಹೆಸರೇನು ಬರೀಲಿ?"

"ಬರೀಬೇಡ."

"ಯಾಕೆ? ನಿಂಗೊತ್ತಿಲ್ವಾ?"

"ಹೆಸರು ಬರೆದಿಡಬಾರದು ಮಗಳೇ," ಎಂದ ಜಾವಕಪ್ಪ. ನಿಯಮ ಅವನಿಗೆ ಕಡೆಗೂ ಅರ್ಥವಾಗಿತ್ತು.

ನಕ್ಷೆಯಮ್ಮನನ್ನು ಕೆಲಸದಿಂದ ತೆಗೆದ ಆದೇಶ ಒಂದು ಮಧ್ಯಾಹ್ನ ಟಪಾಲು ವಿಭಾಗಕ್ಕೆ ಬಂತು. ಎಲ್ಲ ಕಾಗದಗಳಂತೆ ಅದೂ ಅಲ್ಲಿಂದಲೇ ಹೊರಡಬೇಕು. ಲಕೋಟೆ ಅಂಟಿಸಿತ್ತು. ಒಳಗೆ ಏನಿದೆ ಎಂದು ತೆರೆಯದೆಯೇ ಗೊತ್ತಿದ್ದ ಮೊದಲ ಲಕೋಟೆ ಅದು. ಜಾವಕಪ್ಪ ಜಾವಕ ವಹಿ ತೆರೆದ. ಇದೊಂದನ್ನು ನಮೂದಿಸದೆ ಡ್ರಾಯರಿನೊಳಗೆ ತಳ್ಳಿಬಿಟ್ಟರೆ, ಹುಟ್ಟೇ ಇಲ್ಲ ಅಂತ ಲೆಕ್ಕವಲ್ಲವೇ? ಒಂದು ಕ್ಷಣ ಹಾಗನ್ನಿಸಿತು. ಆಮೇಲೆ ಕೈ ತಾನಾಗಿಯೇ ಕ್ರಮಸಂಖ್ಯೆ ಬರೆಯಿತು.

ಅವಳು ಬಂದಳು. ಹಿಂದೆಯೇ ಐದಾರು ಜನ ಬಂದು ಬಾಗಿಲಲ್ಲಿ ನಿಂತರು. "ಹೇಳಮ್ಮಾ," ಎಂದ ಲೆಕ್ಕಪತ್ರದವನು ತೋಳು ಮಡಚುತ್ತ, "ವಿಚಾರಣೇಲಿ ಆ ವಹಿಯ ಹಾಳೆ ನಿಂಗೆ ತೋರಿಸಿದ್ರಂತಲ್ಲ. ಯಾರ ಕೈ ಅಂತ ಗೊತ್ತಾಗಿರಬೇಕು. ಒಂದು ಹೆಸರು ಹೇಳು ಸಾಕು, ಇವತ್ತು ಅವನ ಗ್ರಹಚಾರ ಬಿಡಿಸ್ತೀವಿ."

ಜಾವಕಪ್ಪ ತಲೆ ಎತ್ತಲಿಲ್ಲ. ಅವನ ಮುಂದೆ ತೆರೆದಿದ್ದ ವಹಿಯಲ್ಲಿ ಆರು ಅಂಕಣಗಳಿದ್ದವು, ನಡುವೆ ಕೆಂಪು ಗೆರೆಗಳಿದ್ದವು, ದುಂಡು ಅಕ್ಷರಗಳಿದ್ದವು. ಎಂಟು ವರ್ಷ ಅವಳು ನಿಂತು ನೋಡುತ್ತಿದ್ದ ಅಕ್ಷರಗಳು. ಅವಳು ಈಗಲೂ ನಿಂತು ಅವನ್ನೇ ನೋಡಿದಳು.

"ಗೊತ್ತಿಲ್ಲ," ಎಂದಳು. "ನಮ್ಮಲ್ಲಿ ಹೆಸರು ಹೇಳೋ ಪದ್ಧತಿ ಇಲ್ಲ."

ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಲಕೋಟೆ ಕೈಗೆತ್ತಿಕೊಂಡು, ಅವನಿಗೆ ಮಾತ್ರ ಕೇಳುವಂತೆ, "ವೇಳೆ ಹಾಕೋದು ಮರೆತಿದೀರ ಅಣ್ಣ," ಎಂದಳು.

ಇಪ್ಪತ್ತಾರು ವರ್ಷದಲ್ಲಿ ಖಾಲಿ ಉಳಿದಿದ್ದ ಮೊದಲ ಅಂಕಣ. ಅವನು ಗಡಿಯಾರ ನೋಡಿ ತುಂಬುವಷ್ಟರಲ್ಲಿ ಅವಳು ಹೋಗಿದ್ದಳು.

ಮರುದಿನ ಬೆಳಿಗ್ಗೆ ಒಂದು ಲಕೋಟೆ ಬಂತು. ಅದರ ಮೇಲೆ ಜಾವಕಪ್ಪನದೇ ಹೆಸರಿತ್ತು. ಬಾಳಿನಲ್ಲಿ ಮೊದಲ ಬಾರಿಗೆ ಕಚೇರಿಯ ಲಕೋಟೆಯೊಂದನ್ನು ಅವನು ತೆರೆದ. ಒಳಗೆ, ಒಳ್ಳೆ ಗಟ್ಟಿ ಕಾಗದದ ಮೇಲೆ, ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ ಅವನ ಹೆಸರು. ಜೊತೆಗೆ ಸಾಹೇಬರ ಕೈಯ ಒಂದು ಚೀಟಿ: 'ಕೊಟ್ಟ ಮಾತಿನಂತೆ. ಕೆಲಸದಿಂದ ತೆಗೆದಾಕೆಯ ಹೆಸರಿನ ಮೇಲೆ ಅಂಟಿಸಿಕೊಳ್ಳುವುದು.'

ಗೋಂದಿನ ಬಾಟಲಿ ಅವನ ಮೇಜಿನ ಮೇಲೆಯೇ ಇತ್ತು. ಹೆಸರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೆಟ್ಟಿಲ ಬಳಿಯ ಫೋಟೋದ ಮುಂದೆ ಹೋಗಿ ನಿಂತ. ಅವಳ ಹೆಸರಿನ ಮೇಲೆ ಹಿಡಿದು ಅಳೆದ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಅಂಟಿಸಿದ ಐದೇ ನಿಮಿಷಕ್ಕೆ ಇಡೀ ಕಚೇರಿಗೆ ಗೊತ್ತಾಗುತ್ತದೆ, ಯಾರು ಎಂದು. ಇಷ್ಟು ವರ್ಷ ಯಾವುದು ಆಗಲಿ ಎಂದು ಒಳಗೊಳಗೇ ಬೇಯುತ್ತಿದ್ದನೋ, ಸರಿಯಾಗಿ ಅದೇ ಆಗುತ್ತದೆ.

"ಏನಯ್ಯಾ, ಇನ್ನೂ ನಿನ್ನ ಹೆಸರು ಹುಡುಕ್ತಿದೀಯಾ?" ಎಂದ ಹಿಂದಿನಿಂದ ಹೋಗುತ್ತಿದ್ದ ಲೆಕ್ಕಪತ್ರದವನು.

"ಇಲ್ಲ. ಸುಮ್ನೆ," ಎಂದು ಜಾವಕಪ್ಪ ಮುಷ್ಟಿ ಬಿಗಿದ.

ಸಂಜೆ ಸಾಹೇಬರು ಕೇಳಿದರು, "ಅಂಟಿಸಿದ್ರಾ?"

"ಅಂಟಿಸಿದೆ ಸರ್."

ಸಾಹೇಬರು ಲಿಫ್ಟಿನಲ್ಲಿ ಓಡಾಡುವವರು. ಮೆಟ್ಟಿಲ ಗೋಡೆ ನೋಡುವವರಲ್ಲ. ಹಾಗಾಗಿ ನಕ್ಷೆಯಮ್ಮನ ಹೆಸರು ಇವತ್ತಿಗೂ ಎರಡನೆಯ ಸಾಲಿನಲ್ಲಿ ಇದ್ದ ಹಾಗೇ ಇದೆ. ಇದನ್ನು ಯಾರೂ ಜಾವಕಪ್ಪನ ಧೈರ್ಯವೆಂದು ತಪ್ಪು ತಿಳಿಯಬಾರದು. ಅದು ಉಳಿದದ್ದು ಅವನ ಹೆದರಿಕೆಯಿಂದ.

ಆದರೆ ಬಂದ ಕಾಗದವನ್ನು ನಮೂದಿಸದೆ ಬಿಡಲಾಗುತ್ತದೆಯೇ? ಎಲ್ಲರೂ ಮನೆಗೆ ಹೋದ ಮೇಲೆ ಅವನು ಆವಕ ವಹಿ ತೆರೆದ. ಕ್ರಮಸಂಖ್ಯೆ ಬರೆದ, ತಾರೀಕು ಬರೆದ, ಈ ಸಲ ಮರೆಯದೆ ವೇಳೆಯನ್ನೂ ಬರೆದ. ಯಾರಿಂದ: ದೊಡ್ಡ ಸಾಹೇಬರಿಂದ. ಯಾರಿಗೆ ಎಂಬ ಅಂಕಣದ ಮೇಲೆ ಪೆನ್ನಿನ ತುದಿ ಬಹಳ ಹೊತ್ತು ನಿಂತಿತು. ಅಚ್ಚಾದ ಹೆಸರು ಪಕ್ಕದಲ್ಲೇ ಬಿದ್ದಿತ್ತು, ನೋಡಿ ಬರೆದುಕೊಳ್ಳುವುದಷ್ಟೇ ಉಳಿದಿತ್ತು.

ಅವನು ಅದನ್ನು ಡ್ರಾಯರಿನ ತಳಕ್ಕೆ ತಳ್ಳಿ, ದುಂಡಗೆ, ಗೆರೆ ತಾಗದಂತೆ ಬರೆದ: 'ಮತ್ತಿತರರು'.